ಉಲ್ಲೇಖಗಳ ಸಾಹುಕಾರ

ಒಂದು ಊರಿನಲ್ಲಿ ಒಬ್ಬ ಸಾಹುಕಾರನಿದ್ದ. ಎಂಥ ಸಾಹುಕಾರ? ಅವನಿಗೆ ಹೊಲ ಇರಲಿಲ್ಲ, ಗಿರಣಿ ಇರಲಿಲ್ಲ, ಬಂಗಾರದ ಅಂಗಡಿಯೂ ಇರಲಿಲ್ಲ. ಆದರೂ ಅವನಿಗೆ ಸರಿಸಾಟಿಯಾದ ಸಿರಿವಂತ ಸುತ್ತಲಿನ ಯಾವ ಜಿಲ್ಲೆಯಲ್ಲೂ ಇರಲಿಲ್ಲ. ನೋಡಿ, ಅವನ ಸಿರಿಯೆಲ್ಲ ಉಲ್ಲೇಖದಲ್ಲಿತ್ತು.

ಉಲ್ಲೇಖ ಎಂದರೇನು ಎಂದು ಹಿಂದೆ ಕುಳಿತ ತಾಯಂದಿರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೀರಿ. ಹೇಳುತ್ತೇನೆ, ಕೇಳಿ. ಒಬ್ಬ ವಿದ್ವಾಂಸ ಒಂದು ಲೇಖನ ಬರೆಯುತ್ತಾನೆ. ಇನ್ನೊಬ್ಬ ವಿದ್ವಾಂಸ ತನ್ನ ಲೇಖನದಲ್ಲಿ ‘ಈ ಮಾತನ್ನು ಇಂಥವರು ಆಗಲೇ ತೋರಿಸಿಕೊಟ್ಟಿದ್ದಾರೆ’ ಎಂದು ಅವನ ಹೆಸರು ಹಾಕುತ್ತಾನೆ. ಅದೇ ಉಲ್ಲೇಖ. ಹೆಸರು ಹಾಕಿದಷ್ಟೂ ಎಣಿಕೆ ಏರುತ್ತದೆ, ಎಣಿಕೆ ಏರಿದಷ್ಟೂ ಕುರ್ಚಿ ಎತ್ತರವಾಗುತ್ತದೆ. ಎಷ್ಟು ಏರಿತು ಎಂಬುದು ಇಂಟರ್ನೆಟ್ಟಿನಲ್ಲಿ ಜಗತ್ತಿಗೆಲ್ಲ ಕಾಣುತ್ತದೆ.

ನಮ್ಮ ಮದುವೆಗಳಲ್ಲಿ ಆಹೇರಿ ಎಂದು ಉಡುಗೊರೆ ಕೊಡುತ್ತೀರಲ್ಲ, ಆ ಕುಪ್ಪಸದ ಜಂಪರ್ ಪೀಸನ್ನು ನೆನೆಸಿಕೊಳ್ಳಿ. ಇವರ ಮದುವೆಗೆ ಅವರು ಕೊಟ್ಟರು. ಅವರ ಮನೆಯ ತೊಟ್ಟಿಲಿಗೆ ಇವರು ಅದನ್ನೇ ತಿರುಗಿ ಕೊಟ್ಟರು. ಅಲ್ಲಿಂದ ಅದು ಮೂರನೆಯ ಮನೆಗೆ ಹೋಯಿತು, ನಾಲ್ಕನೆಯ ಮನೆಗೆ ಹೋಯಿತು. ಅದನ್ನು ಯಾರಾದರೂ ಹೊಲಿಸಿಕೊಂಡರೇ? ಮಡಿಕೆಯನ್ನಾದರೂ ಬಿಚ್ಚಿದರೇ? ಬಿಚ್ಚಿದ್ದರೆ ನಡುವೆ ಇಲಿ ಕಡಿದ ತೂತು ಕಾಣುತ್ತಿತ್ತು. ವಿದ್ವಾಂಸರ ಲೋಕದಲ್ಲಿಯೂ ಬಹಳಷ್ಟು ಉಲ್ಲೇಖಗಳು ಹೀಗೆಯೇ ಮಡಿಕೆ ಬಿಚ್ಚದೆ ಊರೂರು ತಿರುಗುತ್ತವೆ.

ನಮ್ಮ ಸಾಹುಕಾರನ ಹೆಸರು ಪ್ರೊಫೆಸರ್ ಇರಸಂಗಪ್ಪ ಬಳೂರಗಿ. ವಿದ್ಯೆ ಕಂಪ್ಯೂಟರಿನದು. ಅದರಲ್ಲೂ ಸಾಫ್ಟ್‌ವೇರ್ ಇಂಜಿನಿಯರಿಂಗ್ ಎಂಬ ಶಾಖೆ. ಬ್ಯಾಂಕಿನಲ್ಲಿ, ಬಸ್ಸಿನ ಟಿಕೆಟಿನಲ್ಲಿ, ಆಸ್ಪತ್ರೆಯ ಯಂತ್ರದಲ್ಲಿ ಓಡುವ ಪ್ರೋಗ್ರಾಮುಗಳನ್ನು ತಪ್ಪಿಲ್ಲದ ಹಾಗೆ ಕಟ್ಟುವುದು ಹೇಗೆ ಎಂಬ ವಿದ್ಯೆ ಅದು. ಬಳೂರಗಿ ಹದಿನಾಲ್ಕು ವರ್ಷಗಳ ಹಿಂದೆ ಒಂದು ಲೇಖನ ಬರೆದಿದ್ದ. ಪ್ರೋಗ್ರಾಮಿನಲ್ಲಿ ತಪ್ಪು ಎಲ್ಲಿ ಅಡಗಿದೆ ಎಂದು ಮೊದಲೇ ಮೂಸಿ ಹೇಳುವ ಒಂದು ಸಾಧನ ಕಟ್ಟಿದ್ದೇವೆ, ನೂರು ತಪ್ಪಿದ್ದರೆ ತೊಂಬತ್ತೊಂದನ್ನು ಅದು ಹಿಡಿಯುತ್ತದೆ, ಬೇಕಾದವರು ಈ ಕೊಂಡಿಯನ್ನು ಒತ್ತಿ ಸಾಧನವನ್ನು ಇಳಿಸಿಕೊಳ್ಳಬಹುದು ಎಂದು ಅದರಲ್ಲಿತ್ತು. ಆ ಒಂದು ಲೇಖನಕ್ಕೆ ಆರುನೂರಕ್ಕೂ ಮಿಕ್ಕಿ ಉಲ್ಲೇಖ! ‘ಬಳೂರಗಿಯವರ ಸಾಧನವನ್ನು ನಮ್ಮ ಪ್ರೋಗ್ರಾಮುಗಳ ಮೇಲೆ ಓಡಿಸಿದೆವು, ಸೊಗಸಾಗಿ ಓಡಿತು’ ಎಂದು ಒಬ್ಬರು. ‘ಬಳೂರಗಿಯವರ ಸಾಧನಕ್ಕಿಂತ ನಮ್ಮದು ಶೇಕಡಾ ಮೂರರಷ್ಟು ಚುರುಕು’ ಎಂದು ಇನ್ನೊಬ್ಬರು.

ಬಳೂರಗಿ ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಮೊಬೈಲಿನಲ್ಲಿ ತನ್ನ ಎಣಿಕೆ ನೋಡುತ್ತಿದ್ದ. ಏರಿದ್ದರೆ ಚಹಾ ರುಚಿಸುತ್ತಿತ್ತು. ಏರದಿದ್ದರೆ ಚಹಾಕ್ಕೆ ಸಕ್ಕರೆ ಕಡಿಮೆ ಎಂದು ಹೆಂಡತಿಯ ಮೇಲೆ ಹರಿಹಾಯುತ್ತಿದ್ದ. ಹೆಂಡತಿ ಸುಗಲಾಬಾಯಿ ಬಾಯಿ ಜೋರಿನ ಹೆಂಗಸು.

“ಇವತ್ತ ಎಷ್ಟಾತ್ರಿ?” ಎಂದು ಕೇಳುತ್ತಿದ್ದಳು.

“ನಿನ್ನಿದಾ ಐತಿ.”

“ಹಂಗಾದ್ರ ಸಕ್ಕರಿ ಡಬ್ಬಿನ ಇಲ್ಲೇ ಇಟ್ಟಿರತೀನಿ. ನೀವಾ ಹಾಕ್ಕೋರಿ.”

ಸರಿ. ಒಂದು ಮಧ್ಯಾಹ್ನ ಬಳೂರಗಿಯ ಮನೆಗೆ ಒಂದು ದಪ್ಪ ಪ್ರಬಂಧ ಬಂತು. ಯಾವುದೋ ತಾಲ್ಲೂಕಿನ ಪಾಲಿಟೆಕ್ನಿಕ್‌ನಲ್ಲಿ ಅತಿಥಿ ಉಪನ್ಯಾಸಕಿಯಾಗಿ ದುಡಿಯುತ್ತ ಪಿಎಚ್.ಡಿ. ಮಾಡುತ್ತಿದ್ದ ಹಸೀನಾ ನದಾಫ ಎಂಬಾಕೆಯ ಪ್ರಬಂಧ. ಅದನ್ನು ತೂಗಿ ನೋಡಿ ಪದವಿ ಕೊಡಬಹುದೋ ಇಲ್ಲವೋ ಎಂದು ಹೇಳುವ ಹೊರಗಿನ ಪರೀಕ್ಷಕ ಬಳೂರಗಿ. ಆಕೆಯ ಗೈಡ್ ಡಾಕ್ಟರ್ ಮೇಟಿ. ಈ ಮೇಟಿ ಯಾರು? ಬಳೂರಗಿಯ ಹಳೆಯ ಶಿಷ್ಯ. ಆ ತೊಂಬತ್ತೊಂದರ ಲೇಖನದಲ್ಲಿ ಬಳೂರಗಿಯ ಹೆಸರಿನ ಹಿಂದೆ ಎರಡನೆಯ ಹೆಸರಾಗಿ ನಿಂತವನು. ಶಿಷ್ಯನ ಶಿಷ್ಯೆಗೆ ಗುರುವೇ ಪರೀಕ್ಷಕನಾಗಬಾರದು ಎಂದು ನಿಯಮ ಹೇಳುತ್ತದೆ. ನಿಯಮ ಬಹಳ ಹೇಳುತ್ತದೆ, ಬಿಡಿ.

ಹಸೀನಾಳ ನೋಂದಣಿಯ ಅವಧಿ ಆ ವರ್ಷಕ್ಕೇ ಮುಗಿಯುತ್ತಿತ್ತು. ಈ ಸಲ ದಾಟದಿದ್ದರೆ ಪದವಿಯೂ ಇಲ್ಲ, ಕಾಯಂ ನೌಕರಿಯೂ ಇಲ್ಲ. ಪೆಟ್ಟಿಗೆ ಕಟ್ಟಿಕೊಂಡು ಮನೆಗೆ ನಡೆಯಬೇಕು. ಅಂಥವಳು ಏನು ಬರೆದಿದ್ದಳು? ನಾಲ್ಕನೆಯ ಅಧ್ಯಾಯ ತೆರೆದ ಬಳೂರಗಿಯ ಕನ್ನಡಕ ಮೂಗಿನಿಂದ ಜಾರಿತು. ‘ಬಳೂರಗಿ ಮತ್ತು ಮೇಟಿಯವರು ಕೊಟ್ಟ ಕೊಂಡಿಯಲ್ಲಿ ಸಾಧನ ಇಲ್ಲ. ಅವರ ಲೇಖನದಲ್ಲಿರುವ ವಿವರಣೆಯನ್ನು ಅನುಸರಿಸಿ ನಾನೇ ಅದನ್ನು ಮತ್ತೆ ಕಟ್ಟಿ ನೋಡಿದೆ. ನೂರಕ್ಕೆ ನಲವತ್ತು ತಪ್ಪುಗಳನ್ನು ಮಾತ್ರ ಅದು ಹಿಡಿಯುತ್ತದೆ.’

ಸಿಟ್ಟು ಬಾರದೇ ಇರುತ್ತದೆಯೇ? ನೀವೇ ಹೇಳಿ. ಆರುನೂರು ಮಂದಿಗೆ ಸಿಕ್ಕಿದ್ದು ಇವಳೊಬ್ಬಳಿಗೆ ಸಿಕ್ಕಿಲ್ಲವಂತೆ! ಆರುನೂರು ಮಂದಿಗೆ ಓಡಿದ್ದು ಇವಳಿಗೆ ಕುಂಟಿತಂತೆ! ತಪ್ಪನ್ನು ಬೊಟ್ಟು ಮಾಡಿ ತೋರಿಸಿ ಪ್ರಬಂಧವನ್ನು ತಿರಸ್ಕರಿಸಿಬಿಡುತ್ತೇನೆ ಎಂದುಕೊಂಡು ಬಳೂರಗಿ ಆ ಕೊಂಡಿಯನ್ನು ಒತ್ತಿ ತನ್ನ ಸಾಧನವನ್ನು ತಾನೇ ಇಳಿಸಿಕೊಂಡ. ಹದಿನಾಲ್ಕು ವರ್ಷದಲ್ಲಿ ಅವನು ಅದನ್ನು ಒತ್ತಿದ್ದು ಅದೇ ಮೊದಲು ಎಂಬುದನ್ನು ಗಮನಿಸಿ.

ತೆರೆದ. ಒಳಗೆ ಫೋಟೋಗಳಿದ್ದವು. ಹಸಿರು ಸೀರೆ ಉಟ್ಟ ತುಂಬು ಬಸುರಿ, ಸುತ್ತ ಮುತ್ತೈದೆಯರು, ಮೂಲೆಯಲ್ಲಿ ಬಾಯಿ ತುಂಬ ಹೋಳಿಗೆ ಇಟ್ಟುಕೊಂಡು ನಿಂತ ಒಬ್ಬ ಗಂಡಸು. ಬಳೂರಗಿಗೆ ಆ ಗಂಡಸನ್ನು ಎಲ್ಲಿಯೋ ಕಂಡ ಹಾಗೆ ಅನ್ನಿಸಿತು.

ಸುಗಲಾಬಾಯಿ ಹಿಂದಿನಿಂದ ಇಣುಕಿದಳು. “ಅಯ್ಯ! ನಮ್ಮ ತಂಗಿ ಕುಬಸದ ಫೋಟೋ! ಎಲ್ಲಿದ್ದೂರಿ ಇವು? ಕಳದಾವಂತ ಅಕಿ ಎಷ್ಟ ಹಳಹಳಿಸಿದ್ಲು!”

ಸೀಮಂತಕ್ಕೆ ನಮ್ಮ ಕಡೆ ಕುಬಸ ಎನ್ನುತ್ತೇವಲ್ಲ, ಅದೇ. ಬಳೂರಗಿಯ ನಾದಿನಿಯ ಕುಬಸ. ಈಗ ನೆನೆಸಿಕೊಳ್ಳಿ: ಆರುನೂರು ವಿದ್ವಾಂಸರು ‘ಓಡಿಸಿದೆವು, ಸೊಗಸಾಗಿ ಓಡಿತು’ ಎಂದು ಬರೆದದ್ದು ಇದನ್ನು! ಶೇಕಡಾ ಮೂರರಷ್ಟು ಚುರುಕಾದ ಸಾಧನ ಕಟ್ಟಿದೆ ಎಂದ ಆ ಮಹಾನುಭಾವ ತನ್ನ ಸಾಧನವನ್ನು ಓಟಕ್ಕೆ ಬಿಟ್ಟದ್ದು ಒಬ್ಬ ತುಂಬು ಬಸುರಿಯ ಜೊತೆಗೆ!

ಬಳೂರಗಿಗೆ ನಗು ಬರಲಿಲ್ಲ. ಮೇಟಿಗೆ ಫೋನು ಹಚ್ಚಿದ.

“ಮೇಟಿ, ನಿನ್ನ ವಿದ್ಯಾರ್ಥಿ ನಾಕನೇ ಅಧ್ಯಾಯದಾಗ ಏನ್ ಬರದಾಳ, ಓದೀಯೇನು?”

“ನಾಕನೇದಾ... ಸರ್, ನಾನು ಎರಡನೇದ್ರ ತನಕಾ ಬಂದೀನ್ರಿ.”

“ಸಹಿ ಹಾಕಿ ಕಳಿಸೀಯಲ್ಲೋ!”

“ನಾನೂ ನಿಮ್ಮ ಶಿಷ್ಯ ಅಲ್ಲೇನ್ರೀ ಸರ್?”

ಆ ಮಾತನ್ನು ನುಂಗಿಕೊಂಡು ಬಳೂರಗಿ ಕೇಳಿದ, “ನಮ್ಮ ಸಾಧನ ಎಲ್ಲೈತಿ?”

ಮೇಟಿ ಮೆತ್ತಗೆ, “ಸರ್, ಇದ್ದಿದ್ರ ಇರತಿತ್ತಲ್ರೀ” ಎಂದ.

“ಅಂದ್ರ?”

“ನೆನಪ ಮಾಡ್ಕೋರಿ. ಆ ತಿಂಗಳ ನಿಮ್ಮ ನಾದಿನಿ ಕುಬಸ ಇತ್ತು. ನನ್ನ ಕೈಯಾಗ ಕ್ಯಾಮೆರಾ ಕೊಟ್ರಿ. ಆಮ್ಯಾಲ ಶಾಮಿಯಾನಾ ಕಟ್ಟಸಾಕ ಕಳಿಸಿದ್ರಿ. ಆಮ್ಯಾಲ ನಿಮ್ಮ ಅತ್ತಿಯವರನ್ನ ಬಸ್ ಹತ್ತಿಸಿ ಬಾ ಅಂದ್ರಿ. ಸಾಧನ ಅರ್ಧಕ್ಕ ನಿಂತಿತ್ತು. ಲೇಖನ ಕಳಿಸೂ ದಿನಾ ಬಂತು. ‘ಎಷ್ಟ ಹಿಡಿತೈತಿ ಅಂತ ಬರೀಲಿರಿ’ ಅಂತ ಕೇಳಿದೆ. ‘ತೊಂಬತ್ತೊಂದು ಹಾಕು, ನೂರು ಹಾಕಿದ್ರ ಯಾರೂ ನಂಬಂಗಿಲ್ಲ’ ಅಂದ್ರಿ. ಗಡಿಬಿಡ್ಯಾಗ ಅರ್ಧಾ ಸಾಧನ ಬಿಟ್ಟು ಕುಬಸಾ ಹೋಗೇತಿ. ಇಷ್ಟ ದಿನಾ ಯಾರೂ ಕೇಳಲಿಲ್ಲ. ನಾನೂ ಸುಮ್ನಿದ್ದೆ.”

ನಮ್ಮ ಕಾಲೇಜುಗಳಲ್ಲಿ ಇದೊಂದು ಪದ್ಧತಿ. ಸಂಶೋಧನೆಗೆಂದು ಬಂದ ಹುಡುಗ ಗೈಡಿನ ಮನೆಯ ಗ್ಯಾಸ್ ಸಿಲಿಂಡರ್ ಹೊರುತ್ತಾನೆ. ಹುಡುಗಿ ಗೈಡಿನ ಮಗಳ ಶಾಲೆಯ ಚಾರ್ಟು ಬರೆಯುತ್ತಾಳೆ. ಹಾಗೆ ದುಡಿಸಿಕೊಂಡವನನ್ನು ಗುರು ಎನ್ನಬೇಕು, ದುಡಿದವರು ಹೆಸರಿನ ಸಾಲಿನಲ್ಲಿ ಹಿಂದೆ ನಿಲ್ಲಬೇಕು. ಇದಕ್ಕೆ ಗುರುಸೇವೆ ಎಂಬ ದೊಡ್ಡ ಹೆಸರು ಬೇರೆ! ಜೀತಕ್ಕೆ ರೇಷ್ಮೆಯ ಶಾಲು ಹೊದಿಸಿದರೆ ಅದು ಜೀತವಲ್ಲವೇ?

ಬಳೂರಗಿ ತೊಂಬತ್ತೊಂದನ್ನು ಮರೆತಿದ್ದ. ನಿಜಕ್ಕೂ ಮರೆತಿದ್ದ. ತಾನು ಹೇಳಿದ ಸುಳ್ಳನ್ನು ಆರುನೂರು ಮಂದಿ ‘ನಿಜ, ನಾವೂ ಕಂಡೆವು’ ಎಂದು ತಿರುಗಿ ಹೇಳಿದರೆ ಯಾರು ಮರೆಯುವುದಿಲ್ಲ, ಹೇಳಿ? ಸುಳ್ಳು ಹೇಳಿದವನೇ ಅದನ್ನು ನಂಬುವಷ್ಟು ಸಾಕ್ಷಿ ಜಮೆಯಾಗಿತ್ತು.

“ಚಿಂತಿ ಮಾಡಬ್ಯಾಡ್ರಿ ಸರ್, ಆ ಅಧ್ಯಾಯ ತಗಸ್ತೀನಿ” ಎಂದ ಮೇಟಿ. ಬಳೂರಗಿ ಬೇಡ ಎನ್ನಲಿಲ್ಲ. ಹೂಂ ಎಂದೂ ಅನ್ನಲಿಲ್ಲ. ಫೋನು ಕೆಳಗಿಟ್ಟ. ದೊಡ್ಡ ಮನುಷ್ಯರು ಅನ್ಯಾಯಕ್ಕೆ ಒಪ್ಪಿಗೆ ಕೊಡುವ ರೀತಿ ಇದೇ ಅಲ್ಲವೇ?

ಮೌಖಿಕ ಪರೀಕ್ಷೆಯ ದಿನ ಬಂತು. ಇದು ಬಾಗಿಲು ತೆರೆದಿಟ್ಟು ನಡೆಸುವ ಪರೀಕ್ಷೆ. ಯಾರು ಬೇಕಾದರೂ ಬಂದು ಕೂರಬಹುದು, ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ಉಲ್ಲೇಖಗಳ ಸಾಹುಕಾರ ಬರುತ್ತಾನೆಂದು ಸುತ್ತಲಿನ ಕಾಲೇಜುಗಳ ಪ್ರಾಧ್ಯಾಪಕರೆಲ್ಲ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ಪಡಸಾಲೆಯಲ್ಲಿ ಮೇಟಿ ಹಸೀನಾಳನ್ನು ತಡೆದು ನಿಲ್ಲಿಸಿದ್ದ. ಬಳೂರಗಿ ಕೈತೊಳೆಯುವ ನೆಪದಲ್ಲಿ ಹತ್ತಿರವೇ ನಿಂತು ಕಿವಿಗೊಟ್ಟ.

“ಹಸೀನಾ, ಆ ಅಧ್ಯಾಯ ಒಂದು ತಗದ್ಬಿಡವಾ. ಸರ್ ಮನಸ್ಸ ಮಾಡಿದ್ರ ಚಹಾ ಬರೂದ್ರಾಗ ಡಾಕ್ಟರ್ ಆಗ್ತಿ.”

“ಅದನ್ನ ತಗದ್ರ ಉಳಿಯೂದೇನ್ರಿ ಸರ್? ಮುಂದಿನ ರಟ್ಟು, ಹಿಂದಿನ ರಟ್ಟು.”

“ಆರುನೂರು ಮಂದಿ ಸುಳ್ಳ, ನೀ ಒಬ್ಬಾಕಿ ಖರೆ?”

“ಅವರು ಸುಳ್ಳ ಅಂತ ನಾ ಎಲ್ಲಿ ಅಂದೀನ್ರಿ? ಅವರಿಗೆ ಸಿಕ್ಕಿದ್ದನ್ನ ನನಗೂ ಒಂದ್ ಸಲ ತೋರ್ಸಲಿ ಅಂದೀನಿ.”

ನೋಡಿ, ಆಕೆ ಕೂಗಾಡಲಿಲ್ಲ, ಅಳಲಿಲ್ಲ. ತೋರಿಸಲಿ ಎಂದಳು, ಅಷ್ಟೇ. ಅಧಿಕಾರದಲ್ಲಿ ಇದ್ದವರಿಗೆ ಇದಕ್ಕಿಂತ ದೊಡ್ಡ ಅವಿಧೇಯತೆ ಬೇರೆ ಇಲ್ಲ.

ಹಸೀನಾ ಮೊದಲ ಮೂರು ಅಧ್ಯಾಯ ಮುಗಿಸಿ ನಾಲ್ಕನೆಯದಕ್ಕೆ ಬಂದು ಸಾಧನ ಇಲ್ಲ ಎನ್ನುವಷ್ಟರಲ್ಲಿ ಸಭಾಂಗಣದಲ್ಲಿ ಗುಜುಗುಜು ಎದ್ದಿತು. ಒಂದು ವಿಭಾಗದ ಮುಖ್ಯಸ್ಥ ಎದ್ದು ನಿಂತ. ಎದೆಯ ಮೇಲೆ ಕೈಯಿಟ್ಟು, “ಏನ್ ಹೇಳಾಕತ್ತೀಯವಾ ನೀನು? ಆ ಸಾಧನಾ ನಾವು ಖುದ್ದ ಬಳಸೀವಿ” ಎಂದ.

ಬಳೂರಗಿ ತಲೆ ಎತ್ತಿದ. ಅವನು ಆಗ ಸುಮ್ಮನಿದ್ದರೆ ಸಾಕಿತ್ತು. ಆದರೆ ಅವನ ಹೊಟ್ಟೆಯಲ್ಲಿ ಫೋಟೋ ನೋಡಿದ ಮಧ್ಯಾಹ್ನದಿಂದ ಒಂದು ಹುಳ ಕೊರೆಯುತ್ತಿತ್ತು. ಕೇಳಿಯೇ ಬಿಟ್ಟ. “ತೆರದ ಕೂಡ್ಲೆ ಏನ್ ಕಾಣತೈತ್ರಿ ಅದರಾಗ?”

“ಭಾಳ ಲಕ್ಷಣ ಐತ್ರಿ ಸರ್. ನೋಡಿದ್ರ ಕಣ್ಣ ತುಂಬತಾವು.”

“ಬಣ್ಣ ಯಾವುದು?”

ಮುಖ್ಯಸ್ಥ ಒಂದು ಗಳಿಗೆ ಮೇಲೆ ನೋಡಿದ. “ಹಸಿರ ಅನಸ್ತೈತ್ರಿ.”

ಹಸಿರೇ, ನೋಡಿ! ಪುಣ್ಯಾತ್ಮ ಕತ್ತಲಲ್ಲಿ ಹೊಡೆದ ಕಲ್ಲು ಸೀರೆಗೇ ಬಿತ್ತು. ಆಮೇಲೆ ಒಬ್ಬ ಪ್ರಾಚಾರ್ಯೆ ಎದ್ದಳು. “ನಾವೂ ಓಡಿಸೀವ್ರಿ. ಸ್ವಲ್ಪ ತಡಾ ಆಗತೈತಿ, ಆದ್ರ ಫಲ ಖಾತ್ರಿ.” ಒಬ್ಬರ ಹಿಂದೆ ಒಬ್ಬರು ಎದ್ದರು. ಒಬ್ಬರು ವಿದ್ಯಾರ್ಥಿಗಳಿಗೆ ಕಲಿಸಿದ್ದರಂತೆ, ಇನ್ನೊಬ್ಬರು ಕಂಪನಿಗೆ ಶಿಫಾರಸು ಮಾಡಿದ್ದರಂತೆ. ಪ್ರತಿಯೊಬ್ಬರೂ ಬಳೂರಗಿಗೆ ಕೈ ಮುಗಿದು ಕುಳಿತರು. ಪ್ರತಿ ಕೈಮುಗಿತಕ್ಕೂ ಬಳೂರಗಿಯ ಮುಖ ಸಣ್ಣದಾಗುತ್ತ ಹೋಯಿತು.

“ಹಸೀನಾ,” ಎಂದ ಅವನು, “ಆ ಕೊಂಡಿ ಒತ್ರಿ. ಪರದೆ ಮ್ಯಾಲೆ ಎಲ್ಲಾರಿಗೂ ಕಾಣ್ಲಿ.”

ಗೋಡೆಯಷ್ಟು ದೊಡ್ಡದಾಗಿ ಕುಬಸ ಮೂಡಿತು. ಹಸಿರು ಸೀರೆ, ಮುತ್ತೈದೆಯರು, ಹೋಳಿಗೆ. ಮುಖ್ಯಸ್ಥ ತನ್ನ ಬೂಟಿನ ಲೇಸು ಸಡಿಲವಾಗಿರುವುದನ್ನು ಆಗಲೇ ಕಂಡುಕೊಂಡು ಬಗ್ಗಿದ.

ಮೇಟಿ ಜಿಗಿದು ನಿಂತ. “ಹ್ಯಾಕ್! ಸರ್, ಯಾರೋ ಹ್ಯಾಕ್ ಮಾಡ್ಯಾರ್ರಿ! ಸಾಧನಾ ಕದ್ದು ಇದನ್ನ ಇಟ್ಟಾರ!”

“ಹೌದ್ರಿ, ಹ್ಯಾಕ್!” “ಭಾಳ ಆಗೇತ್ರಿ ಇತ್ತೀಚಿಗೆ!” “ಹೋದ ವಾರ ನಾ ನೋಡಿದಾಗ ಇತ್ತರೀ!” ಇಡೀ ಸಭೆಗೆ ಉಸಿರು ಬಂತು. ಎಲ್ಲರ ಕಣ್ಣೂ ಬಳೂರಗಿಯ ಮೇಲೆ.

ಈಗ ನೀವು ಬಳೂರಗಿಯ ಜಾಗದಲ್ಲಿ ಕುಳಿತುಕೊಳ್ಳಿ. ಸುಳ್ಳು ಹೇಳುವ ಅಗತ್ಯವೂ ಇಲ್ಲ. ತಲೆಯನ್ನು ಒಮ್ಮೆ ಕೆಳಗೆ ಮೇಲೆ ಆಡಿಸಿದರೆ ಸಾಕು. ಆರುನೂರೂ ಉಳಿಯುತ್ತವೆ, ಮೇಟಿಯೂ ಉಳಿಯುತ್ತಾನೆ, ಸಭೆಯ ಮಾನವೂ ಉಳಿಯುತ್ತದೆ. ಹೋಗುವವಳು ಒಬ್ಬಳು ಮಾತ್ರ. ಅವಳೋ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಹೋಗುವವಳೇ ಅಲ್ಲವೇ? ಬಳೂರಗಿ ತಲೆ ಆಡಿಸುವುದಕ್ಕೆಂದು ಗದ್ದ ಎತ್ತಿಯೂ ಎತ್ತಿದ.

ಅಲ್ಲಿ ಅವನಿಗೆ ಕೊರೆಯುತ್ತಿದ್ದ ಹುಳ ಯಾವುದೆಂದು ತಿಳಿಯಿತು. ಅದು ಧರ್ಮಬುದ್ಧಿಯ ಹುಳವಲ್ಲ. ಅವನನ್ನು ಮಹಾತ್ಮ ಮಾಡಬೇಡಿ. ಅದು ಬರೀ ಸಂಕಟ. ಹದಿನಾಲ್ಕು ವರ್ಷ ಆರುನೂರು ಮಂದಿ ಅವನ ಮನೆಯ ಬಾಗಿಲಿಗೆ ಮಾಲೆ ಹಾಕಿ ಹಾಕಿ ಹೋದರು. ಒಬ್ಬನಾದರೂ ಹೊಸ್ತಿಲು ದಾಟಲಿಲ್ಲ. ಒಬ್ಬನಾದರೂ ಅವನನ್ನು ಓದಲಿಲ್ಲ. ಪುಟಗಟ್ಟಲೆ ಓದಿ, ಸಾಲು ಸಾಲು ಕೆದಕಿ, ಅವನು ಬರೆದದ್ದನ್ನು ಕೈಯಾರೆ ಕಟ್ಟಿ ನೋಡಿದವಳು ಈ ಜಗತ್ತಿನಲ್ಲಿ ಇವಳೊಬ್ಬಳೇ. ಸಾಹುಕಾರನಿಗೆ ಇದ್ದ ಒಬ್ಬಳೇ ಓದುಗಿತ್ತಿ ಎದುರಿಗೆ ನಿಂತಿದ್ದಳು. ಅವಳನ್ನು ಈಗ ಅಳಿಸಬೇಕು. ಅಳಿಸಿದರೆ ತನ್ನ ಹತ್ತಿರ ಏನು ಉಳಿಯುತ್ತದೆ? ಬಾಗಿಲಿಗೆ ಹಾಕಿದ ಹೂವು.

“ಹ್ಯಾಕ್ ಅಲ್ಲಪಾ,” ಎಂದ ಬಳೂರಗಿ. “ಆ ಹಸಿರ ಸೀರಿ ನನ್ನ ನಾದಿನಿ. ಮೂಲ್ಯಾಗ ಹೋಳಿಗಿ ತಿನ್ನಾಂವ ನಾನು. ಫೋಟೋ ತಗದಾಂವ ಮೇಟಿ. ಸಾಧನಾ ಕಟ್ಟೂ ಹುಡುಗನ ಕೈಯಾಗ ಕ್ಯಾಮೆರಾ ಕೊಟ್ಟಾಂವ ನಾನಾ. ಸಾಧನಾ ಆವತ್ತೂ ಇರಲಿಲ್ಲ, ಇವತ್ತೂ ಇಲ್ಲ. ತೊಂಬತ್ತೊಂದು ಅನ್ನೂದು ನನ್ನ ಬಾಯಿಂದ ಬಂದಿದ್ದು, ಯಂತ್ರದಿಂದ ಅಲ್ಲ.”

ಪ್ರಬಂಧಕ್ಕೆ ಸಹಿ ಹಾಕಿದ. ಎದ್ದು, ಸಭೆಗೆಲ್ಲ ಕೇಳುವಂತೆ, “ಡಾಕ್ಟರ್ ಹಸೀನಾ ನದಾಫ ಅವ್ರ, ನಿಮಗ ಒಳ್ಳೇದಾಗ್ಲಿ” ಎಂದ. ಆಕೆಯ ಕಣ್ಣಲ್ಲಿ ನೀರು ಬರುತ್ತದೆ, ಕಾಲಿಗೆ ಬೀಳುತ್ತಾಳೆ, ತಾನು ಎತ್ತಿ ನಿಲ್ಲಿಸುತ್ತೇನೆ ಎಂದು ಅವನ ಮನಸ್ಸಿನ ಒಂದು ಮೂಲೆ ಆಗಲೇ ಲೆಕ್ಕ ಹಾಕಿತ್ತು.

ಹಸೀನಾ ನಿಂತಲ್ಲೇ ಹೇಳಿದಳು, “ಸಹಿ ಹಾಕೀರಿ, ಚಲೋ ಆತ್ರಿ. ಆದ್ರ ಲೇಖನ ಯಾವಾಗ ಹಿಂದಕ್ಕ ತಗೋತೀರಿ? ನಿಮ್ಮ ತೊಂಬತ್ತೊಂದು ಯಾಕ ಬರವಲ್ದು ಅಂತ ನಾ ನನ್ನನ್ನಾ ಬೈಕೋಂತ ಕುಂತಿದ್ದೆ. ನನಗ ತಿಳಿವಳಿಕಿ ಇಲ್ಲ ಅನಕೊಂಡಿದ್ದೆ. ಇನ್ನೊಂದು ಹುಡುಗಿ ಹಂಗ ಅನಕೋಬಾರದು.”

ಬಳೂರಗಿಗೆ ಆರುನೂರು ಉಲ್ಲೇಖ ಕೊಟ್ಟವರು ಯಾರೂ ಕೊಡದ ಪೆಟ್ಟು ಅದು. ಅವತ್ತೇ ಆ ಲೇಖನ ಅಚ್ಚಾಗಿದ್ದ ಪತ್ರಿಕೆಗೆ ಬರೆದ: ಈ ಸಾಧನ ಎಂದೂ ಇರಲಿಲ್ಲ, ಲೇಖನವನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ, ತಪ್ಪು ನನ್ನದು. ಪತ್ರಿಕೆ ಅದನ್ನು ಅಚ್ಚು ಹಾಕಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಮರುವರ್ಷ ಬಳೂರಗಿಯ ಎಣಿಕೆ ಇನ್ನೂ ಏರಿತು. ಹೇಗೆ? ಅವನ ತಪ್ಪೊಪ್ಪಿಗೆಯನ್ನೂ ಉಲ್ಲೇಖಿಸುವವರು ಹುಟ್ಟಿದರು. ‘ಈ ಸಾಧನದ ಮಹತ್ವವನ್ನು ಬಳೂರಗಿಯವರು ಇತ್ತೀಚೆಗೆ ಮತ್ತೊಮ್ಮೆ ದೃಢಪಡಿಸಿದ್ದಾರೆ’ ಎಂದು ಬರೆದರು! ಮತ್ತೆ ಒಬ್ಬನೂ ತೆರೆದು ನೋಡಿರಲಿಲ್ಲ. ಹಸೀನಾ ತನ್ನ ನಾಲ್ಕನೆಯ ಅಧ್ಯಾಯದಿಂದ ಬರೆದ ಲೇಖನಕ್ಕೆ ಬಂದದ್ದು ಒಂದೇ ಉಲ್ಲೇಖ. ಹಾಕಿದವನು ಬಳೂರಗಿ. ಓದಿ ಹಾಕಿದ.

ನಗುತ್ತಿದ್ದೀರಿ. ನಗಿ, ನಗುವ ಕಥೆಯೇ. ಆದರೆ ಆ ಸಭಾಂಗಣದಲ್ಲಿ ಎದ್ದು ನಿಂತು ‘ನಾವು ಖುದ್ದು ಬಳಸಿದ್ದೇವೆ’ ಎಂದವರು ಯಾರು? ಪರದೇಶದವರೇ? ನಿಮ್ಮ ಓಣಿಯ ನೀರಿನ ಟ್ಯಾಂಕು ತೊಳೆದಾಗಿದೆ ಎಂದು ಪಂಚರಾಗಿ ಸಹಿ ಹಾಕಿದಿರಲ್ಲ, ಯಾರು ಏಣಿ ಹತ್ತಿ ಒಳಗೆ ಇಣುಕಿದಿರಿ? ಮೊಬೈಲಿಗೆ ಬಂದದ್ದನ್ನು ಓದುವ ಮೊದಲೇ ಹತ್ತು ಗುಂಪಿಗೆ ಕಳಿಸಿ ‘ಸತ್ಯವಾದ ಮಾತು’ ಎಂದು ಬರೆಯುತ್ತೀರಿ. ಯಾವ ಸತ್ಯ? ಯಾರು ಕಂಡದ್ದು? ಒಂದು ಜಾತಿಯವರು ಹಾಗೆ, ಒಂದು ಓಣಿಯವರು ಹೀಗೆ ಎಂದು ಅಜ್ಜನ ಕಾಲದಿಂದ ಹೇಳುತ್ತ ಬಂದಿದ್ದೀರಿ. ಅವರ ಮನೆಯ ಹೊಸ್ತಿಲು ದಾಟಿ ಒಂದು ಬಟ್ಟಲು ಚಹಾ ಕುಡಿದವರು ಕೈ ಎತ್ತಿ ನೋಡೋಣ!

ನಿಮ್ಮ ಮನೆಯಲ್ಲೂ ಒಬ್ಬ ಹಸೀನಾ ಇದ್ದಾಳೆ. ‘ನಾನು ಮಾಡಿ ನೋಡಿದೆ, ಇದು ಸರಿ ಬರುತ್ತಿಲ್ಲ’ ಎನ್ನುವ ಸೊಸೆ, ಕೆಲಸದಾಕೆ, ಪಾಠ ತಿಳಿಯದ ಮಗಳು. ಅವಳಿಗೆ ‘ಎಲ್ಲರಿಗೂ ಆಗಿದ್ದು ನಿನಗೆ ಯಾಕೆ ಆಗುವುದಿಲ್ಲ’ ಎನ್ನುವ ಮಾತನ್ನು ಇವತ್ತಿನಿಂದ ಬಾಯಿಂದ ತೆಗೆಯಿರಿ. ‘ಎಲ್ಲಿ, ತೋರಿಸು’ ಎಂದು ಪಕ್ಕದಲ್ಲಿ ಕುಳಿತು ನೋಡಿ. ನಿಮ್ಮ ಕೈಕೆಳಗೆ ದುಡಿಯುವವರನ್ನು ನಿಮ್ಮ ಮನೆಯ ಶಾಮಿಯಾನ ಕಟ್ಟಲು ಕಳಿಸಬೇಡಿ. ಅವರ ಕೆಲಸ ಅರ್ಧಕ್ಕೆ ನಿಂತರೆ ನಿಮ್ಮ ಬಾಯಿಂದ ತೊಂಬತ್ತೊಂದು ಹೊರಡುತ್ತದೆ. ನೋಡಿದ್ದರೆ ನೋಡಿದೆ ಎನ್ನಿ. ನೋಡದಿದ್ದರೆ ಮೂರೇ ಮಾತು ಸಾಕು: ‘ನಾನು ನೋಡಿಲ್ಲ, ಗೊತ್ತಿಲ್ಲ.’ ನಾಲಿಗೆ ಸವೆಯುವುದಿಲ್ಲ.

ದೊಡ್ಡ ಕೆಲಸವೇನಲ್ಲ. ಇಲ್ಲಿಂದ ಎದ್ದು ಮನೆಗೆ ಹೋಗುತ್ತೀರಿ. ‘ಇವತ್ತಿನ ಪ್ರವಚನ ಹೆಂಗಿತ್ತು’ ಎಂದು ಮನೆಯವರು ಕೇಳುತ್ತಾರೆ. ಆ ಕಂಬಕ್ಕೆ ಒರಗಿ ಇಷ್ಟು ಹೊತ್ತು ಗೊರಕೆ ಹೊಡೆದ ಅಣ್ಣಂದಿರೇ, ‘ಭಾಳ ಅದ್ಭುತ ಇತ್ತು’ ಎನ್ನಬೇಡಿ. ‘ನಿದ್ದಿ ಮಾಡಿದೆ’ ಎನ್ನಿ. ಅಲ್ಲಿಂದಲೇ ಶುರು ಮಾಡಿ.